ಪ್ರಜ್ಞೆಯನ್ನು ವಿವರಿಸಲು ಅಯಾನು ನಾಳಗಳವರೆಗೆ ಇಳಿಯಬೇಕೇ?

ಸಿಂಧನೂರಿನ ಮಿತ್ರರೇ, ಪ್ರತಿಯೊಂದು ನರಕೋಶದ ಅಯಾನು ನಾಳಗಳನ್ನೂ (ವಿದ್ಯುದಾವೇಶವುಳ್ಳ ಕಣಗಳು ಕೋಶದ ಒಳಹೊರಗೆ ಹಾಯುವ ಸೂಕ್ಷ್ಮ ದ್ವಾರಗಳನ್ನೂ) ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ರಜ್ಞೆಯನ್ನು ವಿವರಿಸಲು ಸಾಧ್ಯವೇ ಎಂದು ತಾವು ಕೇಳಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗದ ಗದ್ದೆಗೆ ಏಕೆ ತಲುಪಲಿಲ್ಲವೆಂದು ತಿಳಿಯಲು ಗೇಟು, ಇಳಿಜಾರು ಮತ್ತು ಮೇಲ್ಭಾಗದವರ ಬಳಕೆ ಗೊತ್ತಿದ್ದರೆ ಸಾಕು, ನೀರಿನ ಅಣುರಚನೆ ಬೇಕಿಲ್ಲ. ಆದರೆ ಮಿದುಳಿನಲ್ಲಿ ಯಾವುದು ಗೇಟು, ಯಾವುದು ಬರೀ ನೀರು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಅರಿವಳಿಕೆಯ ಔಷಧಗಳು ಇಲ್ಲಿ ನೆರವಿಗೆ ಬರುತ್ತವೆ. ಪ್ರೊಪೊಫಾಲ್ ಮುಖ್ಯವಾಗಿ ಗಾಬಾ-ಎ ಗ್ರಾಹಕಗಳ (ಗ್ರಾಹಕವೆಂದರೆ ರಾಸಾಯನಿಕ ಸಂಕೇತವನ್ನು ಹಿಡಿಯುವ, ನರಕೋಶದ ಮೇಲಿನ ಅಣು) ಮೇಲೆ, ಕೆಟಮಿನ್ ಮುಖ್ಯವಾಗಿ ಎನ್‌ಎಂಡಿಎ ಗ್ರಾಹಕಗಳ ಮೇಲೆ ಕೆಲಸ ಮಾಡಿದರೂ, ಎರಡರಿಂದಲೂ ರೋಗಿಯು ಶಸ್ತ್ರಚಿಕಿತ್ಸೆಗೆ ಸ್ಪಂದಿಸದ ಸ್ಥಿತಿಯನ್ನು ತಲುಪುವುದರಿಂದ (ಕೆಟಮಿನ್‌ನಲ್ಲಿ ಕನಸಿನಂಥ ಅನುಭವಗಳು ಉಳಿಯುವುದುಂಟು, ಅದು ಬೇರೆಯೇ ತಕರಾರು), ಅವೆರಡರಲ್ಲೂ ಸಾಮಾನ್ಯವಾಗಿರುವುದನ್ನು ಅಣುಗಳಲ್ಲಿ ಅಲ್ಲ, ನರಜಾಲದ ಮಟ್ಟದಲ್ಲಿ ಹುಡುಕುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಬರೀ ಸಂಖ್ಯೆಯಿಂದಲೂ ಪ್ರಯೋಜನವಿಲ್ಲ: ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚುಕಡಿಮೆ 6,900 ಕೋಟಿ ಕಿರುಮಿದುಳಿನಲ್ಲಿದ್ದರೂ, ಅದಿಲ್ಲದೆ ಹುಟ್ಟಿದ ಕೆಲವರು, ನಡಿಗೆ ಮತ್ತು ಮಾತಿನಲ್ಲಿ ತೊಡಕಿದ್ದರೂ, ಪ್ರಜ್ಞೆಯುಳ್ಳವರಾಗಿಯೇ ಬದುಕಿದ್ದಾರೆ.

ಹಾಗೆಂದು ಸಂಪರ್ಕಗಳ ನಕ್ಷೆಯೊಂದೇ ಸಾಕೆನ್ನುವವರ ಮಾತನ್ನೂ ನಾನು ಒಪ್ಪಲಾರೆ. ಸಿ. ಎಲೆಗನ್ಸ್ ಎಂಬ ಹುಳುವಿನ 302 ನರಕೋಶಗಳ ಸಂಪರ್ಕ ನಕ್ಷೆ 1986ರಲ್ಲಿಯೇ ಪ್ರಕಟವಾದರೂ, ಅದರ ನಡವಳಿಕೆಯನ್ನು ಆ ನಕ್ಷೆಯಿಂದ ಪೂರ್ತಿಯಾಗಿ ಊಹಿಸಲು ಇಂದಿಗೂ ಆಗಿಲ್ಲ. ನರಸಂಧಿಗಳ (ನರಕೋಶಗಳು ಒಂದಕ್ಕೊಂದು ಕೂಡುವ ಜಾಗಗಳ) ಆಚೆಗೂ ಹರಡುವ ನ್ಯೂರೋಪೆಪ್ಟೈಡ್‌ಗಳೆಂಬ ರಾಸಾಯನಿಕಗಳು ನಕ್ಷೆಯಲ್ಲಿ ಕಾಣಿಸದಿರುವುದು ಅದಕ್ಕೊಂದು ಕಾರಣ. ಆದ್ದರಿಂದ ತಾವು ಮಾದರಿಯೊಂದನ್ನು ಕಟ್ಟುವುದಾದರೆ, ಅಯಾನು ನಾಳಗಳಿಗಿಂತ ಮೊದಲು ಈ ರಾಸಾಯನಿಕ ಸಂಕೇತಗಳನ್ನು ಸೇರಿಸಿ ನೋಡಬಹುದು.