ಎರಡು ಬಾಣ ಸೇರಿಸಿ, ಮೂರು ಪುಟ ತೆಗೆಯಿರಿ

ನಮಸ್ಕಾರ,

ಅರ್ಥಶಾಸ್ತ್ರದ ಮೊದಲ ಕೋರ್ಸಿನಲ್ಲೇ ಸುಸ್ಥಿರತೆ ಕಲಿಸಬೇಕು ಎನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಮೂರು ಪುಟ ಬರೀ ಕಾಳಜಿ. ಭೂಮಿ ಬಿಸಿಯಾಗುತ್ತಿದೆ, ಮಕ್ಕಳಿಗೆ ಏನಾದರೂ ಉಳಿಸಬೇಕು, ಹೀಗೆ. ಇದನ್ನು ಒಪ್ಪದವರು ನಿಮ್ಮ ಲೇಖನ ಓದುವುದೇ ಇಲ್ಲ. ಓದುವವರು ಆಗಲೇ ಒಪ್ಪಿರುತ್ತಾರೆ. ತರಗತಿ ಮಾತ್ರ ಎಲ್ಲೂ ಕಾಣಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಏನು ಬರೆಯುತ್ತಾರೆ ಅಂತಲೇ ಗೊತ್ತಾಗಲಿಲ್ಲ.

ನಿಮ್ಮ ಒಳ್ಳೆಯ ಸಾಲು ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ. ಶುರುವಿನ ಪಾಠಗಳಲ್ಲೇ ಬರೆಸುವ ಆ ಚಿತ್ರದ ಮಾತು. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಉದ್ದಿಮೆಗಳು, ನಡುವೆ ಸುತ್ತುವ ಬಾಣಗಳು. ದುಡಿಮೆ ಹೋಗುತ್ತದೆ, ಕೂಲಿ ಬರುತ್ತದೆ. ಹಣ ಹೋಗುತ್ತದೆ, ಸರಕು ಬರುತ್ತದೆ. ಆದರೆ ಕಲ್ಲಿದ್ದಲು, ನೀರು, ಮರ ಹೊರಗಿನಿಂದ ಒಳಗೆ ಬರುವುದೇ ಇಲ್ಲ. ಹೊಗೆ, ಕಸ ಹೊರಗೆ ಹೋಗುವುದೂ ಇಲ್ಲ. ಏನೂ ತಿನ್ನದೆ, ಏನೂ ಬಿಡದೆ ಓಡುವ ಯಂತ್ರ! ಇದನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ಲೇಖನ ಇಲ್ಲಿಂದಲೇ ಶುರುವಾಗಲಿ. ಆ ಚಿತ್ರಕ್ಕೆ ಎರಡು ಬಾಣ ಸೇರಿಸಿದಾಗ ಹುಡುಗರು ಏನೇನು ಕೇಳಬಹುದು, ಅದನ್ನು ಬರೆಯಿರಿ.

ಪಠ್ಯಪುಸ್ತಕಗಳು ಪರಿಸರದ ಸುದ್ದಿಯನ್ನೇ ಎತ್ತುವುದಿಲ್ಲ ಎಂದಿದ್ದೀರಿ. ಅದು ತಪ್ಪು. ಒಬ್ಬರು ಮಾಡಿದ ಹೊಗೆಯ ನಷ್ಟ ಇನ್ನೊಬ್ಬರ ತಲೆಗೆ ಬರುವ ‘ಬಾಹ್ಯ ಪರಿಣಾಮ’ದ ಬಗ್ಗೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಬರೆದಿದ್ದರು. ತೆರಿಗೆ ಹಾಕಿ ಸರಿಪಡಿಸುವ ಪಾಠಕ್ಕೆ ಇವತ್ತಿಗೂ ಅವರದೇ ಹೆಸರು. ನಿಮ್ಮ ತಕರಾರು ಬೇರೆ ಇರಬೇಕಿತ್ತು. ಮಾರುಕಟ್ಟೆ ತಾನಾಗಿ ಸರಿಹೋಗುತ್ತದೆ ಎಂಬುದು ತಲೆಯಲ್ಲಿ ಕೂತ ಮೇಲೆ ಆ ಅಧ್ಯಾಯ ಬರುತ್ತದೆ, ಅದೂ ಅಪವಾದದ ವೇಷದಲ್ಲಿ.

ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂಬ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ 1968ರ ವಾದ ಹೇಳಿ ನಿಲ್ಲಿಸಿದ್ದೀರಿ. ಜನರೇ ಕಟ್ಟಳೆ ಮಾಡಿಕೊಂಡು ಕಾಡು, ನೀರು ಕಾಯ್ದುಕೊಂಡದ್ದನ್ನು ತೋರಿಸಿದ ಎಲಿನಾರ್ ಆಸ್ಟ್ರಮ್ ಎಲ್ಲಿ? ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅರ್ಧ ಕಥೆ ಹೇಳಿದರೆ ಹೇಗೆ?

ಕೊನೆಗೆ ‘ಹೊಸ ಅಧ್ಯಾಯ ಸೇರಿಸಿ’ ಎನ್ನುತ್ತೀರಿ. ಈಗಿರುವ ಪಾಠ ಮುಗಿಸಲೇ ಮೇಷ್ಟ್ರಿಗೆ ಸಮಯ ಇರುವುದಿಲ್ಲ, ಅಲ್ವಾ? ಇರುವ ಪಾಠದ ಲೆಕ್ಕ ಬದಲಿಸಿ ಸಾಕು. ಚಕ್ರಬಡ್ಡಿಯನ್ನೇ ತೆಗೆದುಕೊಳ್ಳಿ. ಅದನ್ನೇ ತಿರುಗಿಸಿ, ಮುಂದೆ ಬರುವ ಮೊತ್ತ ಇವತ್ತಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿ. ನೂರು ವರ್ಷದ ನಂತರ ಆಗುವ 1000 ರೂಪಾಯಿಯ ನಷ್ಟಕ್ಕೆ ಶೇ 5ರ ದರದಲ್ಲಿ ಇವತ್ತಿನ ಬೆಲೆ 8ಕ್ಕಿಂತ ಕಡಿಮೆ. ದರ ಶೇ 1 ಆದರೆ ಸುಮಾರು 370. ಹುಟ್ಟದೇ ಇರುವವರ ನೋವಿಗೆ ಯಾವ ದರ ಹಾಕಬೇಕು? ಈ ಪ್ರಶ್ನೆ ಕೇಳಿ ಮೇಷ್ಟ್ರು ಸುಮ್ಮನೆ ನಿಂತರೂ ಆ ಗಂಟೆ ಜಗಳದಲ್ಲೇ ಮುಗಿಯುತ್ತದೆ. ನನಗೆ ಓದಬೇಕಾಗಿರುವುದು ಆ ಜಗಳ.

ಇನ್ನೊಂದು, ‘ಸುಸ್ಥಿರ’ ಪದ ಎಣಿಸಿದೆ, 41 ಸಲ ಇದೆ. ಐದಕ್ಕೆ ಇಳಿಸಿ ಮತ್ತೆ ಕಳಿಸಿ.