ಆರು ದಿನದಲ್ಲಿ ಹೂಗಳ ಕಣಿವೆ, ಹೇಮಕುಂಡ ಎರಡೂ ಆಗುತ್ತಾ?

ಆಗಸ್ಟ್‌ನಲ್ಲಿ ಅಮ್ಮನ ಜೊತೆ ಬೆಂಗಳೂರಿಂದ ಹೊರಟು, ಆರು ದಿನದಲ್ಲಿ ಉತ್ತರಾಖಂಡದ ಹೂಗಳ ಕಣಿವೆ, ಅದರ ಹತ್ತಿರ ಬೆಟ್ಟದ ಮೇಲಿರುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ, ಎರಡನ್ನೂ ನೋಡಬಹುದಾ ಅಂತ ಕೇಳಿದ್ದೀರಿ. ನಮ್ಮದೂ ಇದೇ ಲೆಕ್ಕ ಇತ್ತು. ನಾನು, ನಮ್ಮ ಯಜಮಾನರು, ಅಪ್ಪ. ಹೇಮಕುಂಡ ಹತ್ತಿ ಇಳಿದೆವು, ಕಣಿವೆಯನ್ನು ಕೊನೇ ದಿನಕ್ಕೆ ಇಟ್ಟುಕೊಂಡೆವು. ಆ ದಿನ ನಸುಕಿನಿಂದಲೇ ಜಡಿಮಳೆ. ನಾವು ಉಳಿದಿದ್ದ ಘಾಂಘರಿಯಾ ಊರಿನ ಮೇಲಿರುವ ಕಣಿವೆಯ ಗೇಟ್ ತೆಗೆಯಲೇ ಇಲ್ಲ.

ಮಾರನೇ ದಿನ ಚೆನ್ನಾಗಿ ಬಿಸಿಲು, ಗೇಟೂ ತೆಗೆದಿತ್ತು. ನಾವು ವಿಮಾನಕ್ಕೆ ತಡವಾಗುತ್ತದೆ ಅಂತ ಕೆಳಗಿಳಿದೆವು. ಪೀಪಲ್‌ಕೋಟಿ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್. ವಿಮಾನವೂ ತಪ್ಪಿತು. "ಅಲ್ಲೇ ಇದ್ದಿದ್ರೆ ಇಷ್ಟೊತ್ತಿಗೆ ಕಣಿವೆಯೊಳಗೆ ಇರ್ತಿದ್ವಲ್ಲಮ್ಮ" ಅಂದರು ಅಪ್ಪ.

ತಪ್ಪು ಮಳೆಯದ್ದಲ್ಲ. ಋಷಿಕೇಶದಿಂದ ಬೆಟ್ಟದ ಬುಡದ ಗೋವಿಂದಘಾಟ್‌ಗೆ ಸುಮಾರು 270 ಕಿ.ಮೀ. ಶಿವಮೊಗ್ಗದಷ್ಟೂ ದೂರ ಇಲ್ಲ, ಆರು ಗಂಟೆ ಸಾಕು ಅಂದುಕೊಂಡೆ. ಅಲ್ಲಿ ರಸ್ತೆ ಚೆನ್ನಾಗಿದ್ದರೂ ಹತ್ತು ಗಂಟೆ ಹಿಡಿಯುತ್ತದೆ. ತಡವಾದರೆ ರಾತ್ರಿಯೆಲ್ಲ ಓಡಿಸಿ ಸರಿಮಾಡಿಕೊಳ್ಳೋಣ ಅಂದರೆ, ರಾತ್ರಿ ಆ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ. ಹಾಗಾಗಿ ಎರಡು ಗಂಟೆ ತಡ ಅಂದರೆ ಒಂದು ದಿನವೇ ಹೋಯಿತು. ಕಣಿವೆಯದ್ದೂ ಅದೇ ಕಥೆ. ಒಳಗೆ ಉಳಿಯಲು ಬಿಡುವುದಿಲ್ಲ, ಬೆಳಗ್ಗೆ ಹೋಗಿ ಸಂಜೆಯೊಳಗೆ ಹೊರಬರಬೇಕು. ಬೆಳಗ್ಗೆ ಮಳೆ ಬಂತೋ, ಆ ದಿನ ಮುಗಿಯಿತು. ಕಣಿವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿದ್ದರೂ ಹೂ ತುಂಬಿರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಗುಡ್ಡ ಕುಸಿಯುವುದೂ ಆಗಲೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದೇ ಒಂದು ಖಾಲಿ ದಿನ ಇಟ್ಟಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಆರು ದಿನ ಇಟ್ಟುಕೊಂಡು ಎರಡಕ್ಕೂ ಹೋಗಲೇಬೇಡಿ. ಒಂಬತ್ತು ದಿನ ರಜೆ ಹಾಕಿ. ಆಗಲ್ಲ ಅಂದರೆ ಹೇಮಕುಂಡ ಬಿಟ್ಟುಬಿಡಿ. ಬ್ರಹ್ಮಕಮಲ (ನಮ್ಮ ಮನೆಗಳಲ್ಲಿ ರಾತ್ರಿ ಅರಳುವುದಲ್ಲ, ಹಿಮಾಲಯದ ಹೂ) ನೋಡಲು ಅಲ್ಲಿಗೇ ಹೋಗಬೇಕು ಅನ್ನುವವರಿದ್ದಾರೆ, ಅದು ನಿಜ ಕೂಡ. ಆದರೆ ಹೇಮಕುಂಡ 4,000 ಮೀಟರ್‌ಗಿಂತ ಎತ್ತರ, ಕಡಿದಾದ ಏರು. ಘಾಂಘರಿಯಾದಲ್ಲಿ ಸಿಗುವ ಎರಡು ದಿನವನ್ನೂ ಕಣಿವೆಗೇ ಕೊಡಿ.

ನಾವು ಮತ್ತೊಮ್ಮೆ ಹಾಗೇ ಹೋದೆವು. ಪುಷ್ಪಾವತಿ ನದಿಯ ಸೇತುವೆ ದಾಟಿ ಏರು ಮುಗಿದ ಮೇಲೆ, ದಾರಿಯ ಎರಡೂ ಕಡೆ ಎದೆಮಟ್ಟ ಗುಲಾಬಿ ಬಣ್ಣದ ಹೂ. ನಮ್ಮ ಹಿತ್ತಲಿನ ಕರ್ಣಕುಂಡಲದ ಜಾತಿಯದ್ದೇ. ಅಪ್ಪ ಬಲಿತ ಕಾಯಿ ಮುಟ್ಟಿದರು, ಅದು ಚಟ್ಟಂತ ಸಿಡಿದು ಬೀಜವೆಲ್ಲ ಅವರ ಕನ್ನಡಕಕ್ಕೆ ಬಡಿಯಿತು. ತುಂಬಾ ಹೊತ್ತು ಅಲ್ಲೇ ನಿಂತಿದ್ದರು.

ಶೂ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಕಾಲ್ಚೀಲ ಜಾಸ್ತಿ ಇರಲಿ. ಘಾಂಘರಿಯಾದಲ್ಲಿ ಒದ್ದೆ ಬಟ್ಟೆ ಒಣಗುವುದಿಲ್ಲ. ಹಣ ಜೋಶಿಮಠದಲ್ಲೇ ತೆಗೆದುಕೊಳ್ಳಿ. ಅಮ್ಮನಿಗೆ ಗಾಡಿ ರಸ್ತೆ ಮುಗಿಯುವ ಪುಲ್ನಾದಿಂದ ಘಾಂಘರಿಯಾವರೆಗೆ ಹೇಸರಗತ್ತೆ ಸಿಗುತ್ತದೆ. ಕಣಿವೆಯೊಳಗೆ ಅವುಗಳನ್ನು ಬಿಡುವುದಿಲ್ಲ. ಮಂಡಿನೋವು ಇದ್ದರೆ ಬುಟ್ಟಿಯಲ್ಲಿ ಹೊರುವವರನ್ನು ಹಿಂದಿನ ಸಂಜೆಯೇ ಮಾತಾಡಿಸಿಟ್ಟುಕೊಳ್ಳಿ.