145 ಅಶ್ವಶಕ್ತಿಯ ನೋವಾ ಮತ್ತು ನಾನು ಸವೆಸಿದ ಕ್ಯಾಮ್

1974ರ ಶೆವ್ರೊಲೆ ನೋವಾ, 350 ಕ್ಯೂಬಿಕ್ ಇಂಚಿನ ವಿ8, ಆದರೂ ಬರೀ 145 ಅಶ್ವಶಕ್ತಿ. ಇಷ್ಟು ಹಳೆಯ ಎಂಜಿನ್ನನ್ನು ನಂಬಬಹುದೇ, ಕೊಂಡ ಮೇಲೆ ಕ್ಯಾಮ್ ಶಾಫ್ಟ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ) ಬದಲಿಸಿ ಶಕ್ತಿ ಹೆಚ್ಚಿಸಬಹುದೇ ಎಂದು ಕೇಳಿದ್ದೀರಿ. ಓಹಾಯೋದ ಕೊಲಂಬಸ್‌ನಲ್ಲಿ ನನ್ನ ಬಳಿ ಇದ್ದದ್ದೂ ಅದೇ ವರ್ಷದ ಅದೇ ಕಾರು, ತಲೆಗೆ ಹೊಕ್ಕಿದ್ದೂ ಅದೇ ಕ್ಯಾಮಿನ ಹುಚ್ಚು.

2011ರಲ್ಲಿ ಕೊಂಡಾಗ ಓಡೋಮೀಟರ್ 61 ಸಾವಿರ ಮೈಲಿ ತೋರಿಸುತ್ತಿತ್ತು. ಅದರಲ್ಲಿರುವುದು ಐದೇ ಅಂಕಿ, ಲಕ್ಷ ದಾಟಿದರೆ ಮತ್ತೆ ಸೊನ್ನೆ. ಹಾಗಾಗಿ ಎಂಜಿನ್ ನಿಜವಾಗಿ ಎಷ್ಟು ಓಡಿತ್ತೋ ದೇವರೇ ಬಲ್ಲ. ಆದರೂ ಒಂದಿಡೀ ವರ್ಷ ಅದು ನನಗೆ ಕೊಟ್ಟ ತೊಂದರೆಯೆಂದರೆ ಒಮ್ಮೆ ಸುಟ್ಟುಹೋದ ಇಗ್ನಿಷನ್ ಪಾಯಿಂಟ್ (ಕಿಡಿ ಹುಟ್ಟಿಸುವ ಸ್ವಿಚ್ಚು) ಮತ್ತು ಒಮ್ಮೆ ಒಡೆದ ರೇಡಿಯೇಟರ್ ಪೈಪು, ಅಷ್ಟೆ. ಚಳಿಗಾಲದ ಬೆಳಿಗ್ಗೆ ಆಕ್ಸಿಲರೇಟರನ್ನು ಎರಡು ಸಲ ತುಳಿದು ಕೀಲಿ ತಿರುಗಿಸಿದರೆ ಸಾಕು, ಏಳುತ್ತಿತ್ತು. ಸಮಸ್ಯೆ ಇದ್ದದ್ದು ನನ್ನಲ್ಲಿ. ಸಹೋದ್ಯೋಗಿಯ ನಾಲ್ಕು ಸಿಲಿಂಡರಿನ ಕಾರಿಗೇ ನನ್ನ ವಿ8ಗಿಂತ ಹೆಚ್ಚು ಅಶ್ವಶಕ್ತಿ ಇದೆಯೆಂದು ತಿಳಿದ ದಿನ ನನಗೆ ಮರ್ಯಾದೆ ಹೋದಂತಾಯಿತು.

ಆ ಸಂಖ್ಯೆಯ ಅರ್ಥವನ್ನು ಅಂದೇ ತಿಳಿದುಕೊಂಡಿದ್ದರೆ ನಾನು ಸುಮ್ಮನಿರುತ್ತಿದ್ದೆ. 1971ರವರೆಗೆ ಅಮೆರಿಕದ ಕಂಪನಿಗಳು ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಬರಿದಾಗಿ ಇಟ್ಟು, ಫ್ಯಾನು, ಏರ್ ಫಿಲ್ಟರು, ಕಾರಿನ ಸೈಲೆನ್ಸರು ಯಾವುದೂ ಇಲ್ಲದೆ ಅಳೆದ ಶಕ್ತಿಯನ್ನೇ ಜಾಹೀರಾತಿನಲ್ಲಿ ಹಾಕುತ್ತಿದ್ದವು. 1972ರಿಂದ ಇವೆಲ್ಲವನ್ನೂ ಜೋಡಿಸಿ ಅಳೆದ ಸಂಖ್ಯೆ ಬಂತು. 1971ರ ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 350ಕ್ಕೆ ಎರಡೂ ಲೆಕ್ಕ ಸಿಗುತ್ತವೆ: ಹಳೆಯ ಲೆಕ್ಕದಲ್ಲಿ 245, ಹೊಸದರಲ್ಲಿ 165. ಒಂದೇ ಎಂಜಿನ್, ಒಂದೇ ವರ್ಷ, 80 ಅಶ್ವಗಳು ಕಾಗದದ ಮೇಲೆಯೇ ಮಾಯ. ಕಡಿಮೆ ಸೀಸದ ಪೆಟ್ರೋಲಿಗಾಗಿ ಕಂಪ್ರೆಶನ್ ಇಳಿಸಿದ್ದು, ಹೊಗೆಯ ನಿಯಮಗಳು ಬಿಗಿಯಾದದ್ದು ಇವೆಲ್ಲ ನಿಜವಾದ ನಷ್ಟಗಳೇ ಹೌದು, ಆದರೆ ನೀವು ಅಂದುಕೊಂಡಷ್ಟು ದೊಡ್ಡವಲ್ಲ.

ಇದೊಂದೂ ತಿಳಿಯದೆ ಹೊಸ ಕ್ಯಾಮ್ ಶಾಫ್ಟನ್ನೂ, ಅದರ ಮೇಲೆ ಕೂತು ವಾಲ್ವುಗಳ ಕಡೆಗೆ ತಳ್ಳುವ 16 ಲಿಫ್ಟರುಗಳನ್ನೂ ತರಿಸಿ, ಎರಡು ವಾರಾಂತ್ಯ ಕೂತು ನಾನೇ ಜೋಡಿಸಿದೆ. ಜೋಡಣೆಯಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಮೊದಲ ಇಪ್ಪತ್ತು ನಿಮಿಷಗಳಲ್ಲಿ.

ಈ ಎಂಜಿನ್‌ಗಳಲ್ಲಿ ಲಿಫ್ಟರಿಗೆ ರೋಲರ್ ಇಲ್ಲ. ಅದರ ತಳ ನೇರವಾಗಿ ಕ್ಯಾಮಿನ ಮೊಟ್ಟೆಯಾಕಾರದ ಲೋಬನ್ನು ಉಜ್ಜುತ್ತದೆ. ಆ ತಳ ಸಮತಟ್ಟಾಗಿ ಕಂಡರೂ ಕೂದಲೆಳೆಯಷ್ಟು ಉಬ್ಬಿರುತ್ತದೆ, ಲೋಬಿಗೂ ಅಷ್ಟೇ ಸಣ್ಣ ಓರೆ ಇರುತ್ತದೆ. ಇದರಿಂದ ಲಿಫ್ಟರ್ ಮೇಲೆ ಕೆಳಗೆ ಆಡುತ್ತಲೇ ತನ್ನ ಸುತ್ತಲೂ ತಿರುಗುತ್ತದೆ. ಹೊಸ ಲೋಬು ಮತ್ತು ಹೊಸ ಲಿಫ್ಟರು ಮೊದಲ ಸಲ ಕೂಡಿದಾಗ ಒಂದಕ್ಕೊಂದು ಹೊಂದಿಕೊಳ್ಳಬೇಕು, ಮತ್ತು ಆ ಹೊತ್ತಿಗೆ ಲೋಬಿಗೆ ಎಣ್ಣೆ ಸಿಗುವುದು ಬಹುಮಟ್ಟಿಗೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಚಿದ್ದರಿಂದ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ನಿಧಾನವಾಗಿ ಓಡುವಾಗ, ಕ್ರ್ಯಾಂಕು ಸಾಕಷ್ಟು ಎರಚುವುದಿಲ್ಲ. ಅದಕ್ಕೇ ಸ್ಟಾರ್ಟ್ ಆದ ಕ್ಷಣದಿಂದ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷವಾದರೂ ಓಡಿಸಬೇಕು, ನಡುವೆ ಐಡಲ್‌ಗೆ ಇಳಿಸಬಾರದು.

ನಾನು ಸ್ಟಾರ್ಟ್ ಮಾಡಿದ್ದು ರಾತ್ರಿ ಒಂಬತ್ತೂವರೆಗೆ. ಪಕ್ಕದ ಮನೆಯಲ್ಲಿ ಹಸುಗೂಸಿತ್ತು. ರೇಸ್ ಕೊಡಲು ಸಂಕೋಚಪಟ್ಟು ಐಡಲ್‌ನಲ್ಲೇ ಬಿಟ್ಟು, ಕಿಡಿ ಹಾರುವ ಟೈಮಿಂಗ್ ಸರಿಯಿಲ್ಲವೆಂದು ಆರಿಸಿ, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಮತ್ತೆ ಹಚ್ಚಿ, ಕಾರ್ಬ್ಯುರೇಟರಿನ ಸ್ಕ್ರೂ ಹಿಡಿದು ಕೂತೆ. ಹಾಕಿದ್ದ ಎಣ್ಣೆಯೋ, ಈಗಿನ ಕಾರುಗಳ ಮಾಮೂಲಿ 5ಡಬ್ಲ್ಯೂ-30. ಲೋಹ ಲೋಹವನ್ನು ಉಜ್ಜುವ ಜಾಗದಲ್ಲಿ ರಕ್ಷಣೆಯ ಪದರ ಕಟ್ಟುವ ಸತು-ರಂಜಕದ ಅಂಶ ಅದರಲ್ಲಿ ಕಡಿಮೆ, ಏಕೆಂದರೆ ರಂಜಕವು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. 2004ರಲ್ಲಿ ಬಂದ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) ಎಸ್‌ಎಂ ಎಂಬ ಎಣ್ಣೆ ದರ್ಜೆಯಿಂದ ಇಂಥ ಎಣ್ಣೆಗಳಲ್ಲಿ ರಂಜಕ ಶೇಕಡಾ 0.08 ಮೀರುವಂತಿಲ್ಲ. ರೋಲರ್ ಇರುವ ಎಂಜಿನ್‌ಗಳಿಗೆ ಅಷ್ಟು ಸಾಕು, ಹೊಸದಾಗಿ ಕೂಡಿಸಿದ ನನ್ನ ಕ್ಯಾಮಿಗೆ ಸಾಲಲಿಲ್ಲ.

ಮರುದಿನ ಟಿಕ್ ಟಿಕ್ ಶುರುವಾಯಿತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಸೌಂಡ್ ಅನ್ನುತ್ತಾರಲ್ಲ, ಅದೇ. ಸಡಿಲವಿರಬೇಕೆಂದು ರಾಕರ್ ನಟ್ಟುಗಳನ್ನು ಬಿಗಿ ಮಾಡಿ ಇನ್ನೂ ಮುನ್ನೂರು ಮೈಲಿ ಓಡಿಸಿದೆ, ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಎಣ್ಣೆ ಇಳಿಸಿದಾಗ ತಟ್ಟೆಯಲ್ಲಿ ಬೆಳ್ಳಿಯ ಬಣ್ಣ ಕಲಸಿದ ಹಾಗೆ ಹೊಳೆಯುತ್ತಿತ್ತು. ಆಯಸ್ಕಾಂತ ಅದ್ದಿ ತೆಗೆದರೆ ಕಪ್ಪು ತುಪ್ಪಳದಂತೆ ಕಬ್ಬಿಣದ ಪುಡಿ. ಬಿಚ್ಚಿ ನೋಡಿದರೆ ಮೂರು ಲೋಬುಗಳು ಸವೆದು ದುಂಡಗಾಗಿದ್ದವು, ಒಂದು ಲಿಫ್ಟರಿನ ತಳ ಹಣತೆಯಂತೆ ಗುಳಿಬಿದ್ದಿತ್ತು. ಪುಡಿ ಬೇರಿಂಗುಗಳನ್ನೂ ತಿಂದಿತ್ತು. ಯಾರ ಕಿರಿಕಿರಿಯೂ ಇಲ್ಲದೆ ಓಡುತ್ತಿದ್ದ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಲು 3,400 ಡಾಲರ್ ತೆತ್ತೆ.

ಆದ್ದರಿಂದ ಹಳೆಯ ಎಂಜಿನ್ನನ್ನು ನಂಬಬಹುದೇ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎರಕದ ಕಬ್ಬಿಣದ ಆ ವಿ8 ಬಹಳ ಸರಳ, ಬಹಳ ಗಟ್ಟಿ. ಅದಕ್ಕೆ ಯಾರು ಏನು ಮಾಡಿದ್ದಾರೆ ಎಂದು ಕೇಳಿ. ಯಾರೂ ಕೈಹಾಕದ 145 ಅಶ್ವಶಕ್ತಿಯ ಎಂಜಿನ್ನನ್ನು ಕಣ್ಣುಮುಚ್ಚಿ ತೆಗೆದುಕೊಂಡೇನು, ರಸೀದಿಯಿಲ್ಲದೆ 'ಈಗಷ್ಟೇ ಹೊಸ ಕ್ಯಾಮ್ ಹಾಕಿದ್ದೇವೆ' ಎನ್ನುವುದನ್ನು ಅರ್ಧ ಬೆಲೆಗೂ ಮುಟ್ಟಲಾರೆ. ಕ್ಯಾಮಿಗೆ ಇಟ್ಟ ಹಣವನ್ನು ರೇಡಿಯೇಟರಿಗೆ, ಬ್ರೇಕಿಗೆ, ಎಥನಾಲ್ ಪೆಟ್ರೋಲಿಗೆ ಮೆತ್ತಗಾಗುವ ಹಳೆಯ ರಬ್ಬರ್ ಪೈಪುಗಳಿಗೆ ಹಾಕಿ.

ಭಯಪಡಬೇಕಾದ ಭಾಗವೊಂದಿದ್ದರೆ ಅದು ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನು. ಆ ಕಾಲದಲ್ಲಿ ಸದ್ದು ಕಡಿಮೆಯಾಗಲೆಂದು ಕ್ಯಾಮಿನ ಹಲ್ಲುಚಕ್ರಕ್ಕೆ ನೈಲಾನ್ ಹಲ್ಲು ಕೊಡುತ್ತಿದ್ದರು. ವರ್ಷಗಳ ಬಿಸಿಗೆ ಅವು ಪೆಡಸಾಗಿ ಮುರಿದು ಎಣ್ಣೆ ಪ್ಯಾನಿಗೆ ಬೀಳುತ್ತವೆ. ನೋಡಲು ಹೋದಾಗ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಸಿ, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒಂದು ಕಡೆಗೆ ಸ್ವಲ್ಪ ತಿರುಗಿಸಿ, ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಒಳಗಿನ ರೋಟರ್ ಅಲುಗುವ ಮೊದಲು ಕ್ರ್ಯಾಂಕು ಹತ್ತು ಡಿಗ್ರಿಗಿಂತ ಹೆಚ್ಚು ತಿರುಗಿದರೆ ಚೈನು ಸಡಿಲವಾಗಿದೆ ಎಂದು ತಿಳಿದು, ಅದನ್ನೂ ಚಕ್ರಗಳನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.